ಲೂನ್ ಕೂಗಿಗೆ ಓ ಅಂದವರು

ಯಾರು ಯಾರನ್ನೇ ಕರೆಯಲಿ, ಮಾಲತಿಬಾಯಿ "ಓ" ಅಂದುಬಿಡುತ್ತಾರೆ. "ಕರದವ್ರನ್ನ ಸುಮ್ಮ ಬಿಡಬಾರದ್ರಿ" ಅಂತ ಬೇರೆ ಹೇಳುತ್ತಾರೆ. ಮರಾಠಿ ನಾಡಿನ ವಿಮಾನ ನಗರದ ನಮ್ಮ ಸ್ಟುಡಿಯೋದಲ್ಲಿ ಮಕ್ಕಳ ವಿಡಿಯೋಗಳಿಗೆ ಕನ್ನಡದ ದನಿ ಅವರದು. ನಾನು ಬರೆದ ಮೊದಲ ವಿಡಿಯೋ ಲೂನ್ ಎಂಬ ಕೆನಡಾದ ನೀರುಹಕ್ಕಿಯ ಬಗ್ಗೆ. ಅದರ ದನಿಮುದ್ರಣ ಒಂದೇ ದಿನದಲ್ಲಿ ಮುಗಿಯದಿದ್ದರೆ ಕನ್ನಡದ ವಿಡಿಯೋ ಬೇಡವೇ ಬೇಡ ಎಂದಿದ್ದರು ಮ್ಯಾನೇಜರ್.

ಪರದೆಯ ಮೇಲೆ ಹಕ್ಕಿ ತೇಲಿ ಬಂತು. ಕಪ್ಪು ತಲೆ, ಕೆಂಪು ಕಣ್ಣು, ಬೆನ್ನ ತುಂಬ ಬಿಳಿ ಚೌಕ.

"ಅಯ್ಯ, ಚೌಕಡಿ ಸೀರಿ ಉಟ್ಕೊಂಡದಲ್ರೀ!" ಎಂದು ನಕ್ಕು ಮಾಲತಿಬಾಯಿ ಓದತೊಡಗಿದರು. "ಜೊತೆಯ ಹಕ್ಕಿ ಕಾಣದಿದ್ದರೆ ಲೂನ್ ಹೀಗೆ ಕೂಗಿ ಹುಡುಕುತ್ತದೆ."

ಹೆಡ್‌ಫೋನಿನಲ್ಲಿ ಊಳಿಟ್ಟಂಥ ಉದ್ದನೆಯ ಕೂಗು ಎದ್ದಿತು.

"ಓ" ಅಂದರು ಮಾಲತಿಬಾಯಿ. ಟೇಕ್ ಹಾಳಾಯಿತು. ಮತ್ತೆ ಕೂಗು, ಮತ್ತೆ "ಓ".

"ತಾಈ, ಪಕ್ಷೀ ಆಹೇ ತೋ!" ಅಕ್ಕಾ, ಅದು ಹಕ್ಕಿ ಎಂದು ರೆಕಾರ್ಡಿಂಗ್ ಹುಡುಗ ಮರಾಠಿಯಲ್ಲಿ ಗೋಗರೆದ.

ಕಡೆಗೆ ಅವರು ಸೆರಗನ್ನು ಬಾಯಿಗೊತ್ತಿ ತಡೆದುಕೊಂಡರು, ಕೆಲಸ ಮುಗಿಯಿತು. ವಿಡಿಯೋದಲ್ಲಿದ್ದದ್ದು ಕೂಗುವ ಒಂದೇ ಹಕ್ಕಿಯ ದನಿ, ಅದಕ್ಕೆ ಓಗೊಡುವ ಜೊತೆಯ ಹಕ್ಕಿಯದಿರಲಿಲ್ಲ. ಹೆಡ್‌ಫೋನ್ ತೆಗೆದು ಅವರು ನನ್ನತ್ತ ತಿರುಗಿದರು. ಯಾರಾದರೂ ಕರೆದರೆ ಬರೀ ತಲೆಯೆತ್ತಿ ನೋಡುವವಳು ನಾನು.

"ಯವ್ವಾ, ಸಣ್ಣ ಹುಡುಗೂರು ನೋಡ್ತಾವ. ಇನ್ನೊಂದು ಹಕ್ಕಿ ಓ ಅನ್ನೂದೂ ಹಾಕ್ತೀಯೇನು?"