ಶಹಾಪುರದಲ್ಲಿ ಬೆಳ್ಳಗಾದ ಅಮೆರಿಕದ ಕಲಾವಿದೆ

ಕಳೆದ ವಾರ ಶಹಾಪುರದ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಅಮೆರಿಕದ ಕಪ್ಪು ಕಲಾವಿದೆಯೊಬ್ಬಳು ನೋಡನೋಡುತ್ತಲೇ ಬೆಳ್ಳಗಾಗಿಬಿಟ್ಟಳು. ಬದುಕಿಡೀ ಬಿಳಿಯರ ಜತೆ ಜಗಳವಾಡಿ ಸೋಲದ ಹೆಂಗಸು, ನಮ್ಮೂರಿಗೆ ಬಂದು ಸೋತಳು.

ಆದದ್ದಿಷ್ಟು. ಸುರಪುರದ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವ ಶರಣಮ್ಮ ಟೀಚರ್ ನನಗೆ ಫೋನ್ ಮಾಡಿದ್ದರು. "ಸರ್, ನಮ್ಮ ಹುಡುಗ್ಯಾರಿಗೆ ನಿಮ್ಮ ನಿಮ್ಮ ಮುಖ ಬರೀರಿ ಅಂದಿದ್ನಿ. ಎಲ್ಲಾರೂ ಗುಲಾಬಿ ಬಣ್ಣ ಹಚ್ಯಾರ. ಒಬ್ಬಾಕಿ ನನ್ನ ಚಿತ್ರ ಬರದು ನನಗೂ ಗುಲಾಬಿ ಹಚ್ಯಾಳ. ಯಾಕವ್ವಾ ಅಂದ್ರ, 'ನೀವು ಒಳ್ಳೇರು ಅದೀರಲ್ರಿ ಟೀಚರ್' ಅಂದ್ಳು."

ನಾನು ನಕ್ಕೆ. ಅವರು ನಗಲಿಲ್ಲ.

ಆ ಕಲಾವಿದೆಯ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಅದನ್ನೇ ಹುಡುಗಿಯರಿಗೆ ಬಂದು ಹೇಳಬೇಕಂತೆ. (ಆಕೆಯ ಹೆಸರು ಮತ್ತೆ ಹೇಳುವುದಿಲ್ಲ. ಹೇಳಿದರೆ ನೀವು ಗೂಗಲ್‌ಗೆ ಹೋಗುತ್ತೀರಿ, ಅಂಕಣ ಇಲ್ಲೇ ಬಿದ್ದಿರುತ್ತದೆ.) ಬಟ್ಟೆ ಒಗೆದು ಬದುಕಿದ ತಾಯಿಯ ಮಗಳು. ಕೂಲಿಯವರು, ಅಡುಗೆಯವರು, ಬಸ್ಸಿಗೆ ಕಾದು ನಿಂತವರು, ಇವರನ್ನೇ ಗೋಡೆಯೆತ್ತರದ ಚಿತ್ರಗಳಲ್ಲಿ ರಾಣಿಯರ ಹಾಗೆ ಕೂರಿಸಿದಳು. ಗ್ಯಾಲರಿಯವರು ಒಳಗೆ ಬಿಡದಿದ್ದಾಗ ಬಾಗಿಲಲ್ಲೇ ಬೋರ್ಡು ಹಿಡಿದು ನಿಂತಳು. ಜೈಲಿಗೂ ಹೋಗಿಬಂದಳು. 'ಮುಖ ಒಂಚೂರು ತಿಳಿಯಾದರೆ ಕೊಳ್ಳುತ್ತೇನೆ' ಎಂದ ಗಿರಾಕಿಯನ್ನು ಮನೆಯಿಂದ ಆಚೆ ಹಾಕಿದಳು.

ಸರಿ, ಭಾಷಣ ಎಂದ ಮೇಲೆ ಫ್ಲೆಕ್ಸ್ ಬೇಡವೇ? ನಮ್ಮ ಕಡೆ ಫ್ಲೆಕ್ಸ್ ಇಲ್ಲದೆ ಮಗುವಿನ ಕೂದಲು ತೆಗೆಸುವ ಜವಳವೂ ನಡೆಯುವುದಿಲ್ಲ. ಕಲಾವಿದೆ, ಟೀಚರ್, ಮುಖ್ಯ ಅತಿಥಿಯಾದ ನಾನು, ಹೀಗೆ ಮೂವರ ಫೋಟೋ ಕಳಿಸಿದ್ದಾಯಿತು. ಪ್ರಿಂಟಿಗೆ ಮುಂಚೆ ನೋಡೋಣವೆಂದು ಟೀಚರೂ ನಾನೂ ಅಂಗಡಿಗೆ ಹೋದೆವು.

"ಇವರ್ಯಾರ್ರಿ?" ಟೀಚರ್ ಸ್ಕ್ರೀನ್ ನೋಡಿ ಕೇಳಿದರು.

"ನೀವ ಕೊಟ್ಟ ಫೋಟೋರಿ," ಎಂದ ಅಂಗಡಿಯ ಬಸಣ್ಣ. "ಭಾಳ ಡಾರ್ಕ್ ಇತ್ತು, ಕ್ಲೀನ್ ಮಾಡೀನಿ. ಲೀಡರ್‌ಗೋಳಿಗೆಲ್ಲಾ ಮಾಡ್ತೀವ್ರಿ."

"ಬಸಣ್ಣ, ಆಕಿ ಕರ್ರಗಿದ್ದದ್ದ ವಿಷಯ. ಆಕಿನ್ನ ಬೆಳ್ಳಗ ಮಾಡಿದ್ರ ನಾಳೆ ನಾ ಏನ್ ಮಾತಾಡ್ಲಿ?" ಎಂದೆ ನಾನು.

"ದೊಡ್ಡ ಮನುಷ್ಯಾಳು ಅಂದ್ರಲ್ರಿ, ಅದಕ್ಕ ಮರ್ಯಾದಿ ಕೊಟ್ಟೀನಿ."

ಕೇಳಿದಿರಾ? ಒಳ್ಳೆಯವರಿಗೆ ಗುಲಾಬಿ, ದೊಡ್ಡವರಿಗೆ ಬಿಳಿ. ಆ ಹುಡುಗಿ ತಾನಾಗಿ ಕಲಿತದ್ದೇನಲ್ಲ. ಊರ ತುಂಬ ಇಂಥ ಫ್ಲೆಕ್ಸ್ ಕಟ್ಟಿ ನಾವೇ ಕಲಿಸಿದ್ದೇವೆ. ನನಗೆ ರೇಗಿಹೋಯಿತು. ಅಲ್ಲೇ ನಿಂತು ಮರುದಿನದ ಭಾಷಣದ ಅರ್ಧವನ್ನು ಬಸಣ್ಣನಿಗೆ ಬಿಗಿದೆ. ಆತ ತಾಳ್ಮೆಯಿಂದ ಗುಟ್ಕಾ ಜಗಿದ.

"ಆಕಿನ್ನ ಇದ್ದಂಗ ಹಾಕ್ರಿ," ಎಂದರು ಟೀಚರ್. "ನನ್ನೂ ಇದ್ದಂಗ ಹಾಕ್ರಿ."

ಕ್ಲಿಕ್ ಎಂದಿತು. ಕಲಾವಿದೆ ಕಪ್ಪಾದಳು. ಟೀಚರ್ ಟೀಚರಾದರು. ಬಸಣ್ಣನ ಮೌಸ್ ನನ್ನ ಮೇಲೆ ಬಂದು ನಿಂತಿತು. "ಸರ್, ನಿಮ್ಮದು?"

ನೋಡಿದೆ. ಯಾದಗಿರಿಯ ಬಿಸಿಲುಂಡ ನನ್ನ ಮುಖ ಹಾಲಿಗೆ ಚಿಟಿಕೆ ಅರಿಶಿನ ಬೆರೆಸಿದಂತಿತ್ತು. ವಯಸ್ಸೂ ಇಳಿದಿತ್ತು. ಸುಳ್ಳೇಕೆ, ಇಷ್ಟವಾಯಿತು.

"ನಂದೇನ್ ಬಿಡು. ಮೊದಲ ಲೇಟ್ ಆಗ್ಯಾದ," ಎಂದೆ. (ಒಂದು ಕ್ಲಿಕ್ಕಿಗೆ ಎಷ್ಟು ಲೇಟಾಗುತ್ತಿತ್ತು?) ಟೀಚರ್ ನನ್ನನ್ನೊಮ್ಮೆ, ಸ್ಕ್ರೀನನ್ನೊಮ್ಮೆ ನೋಡಿದರು.

ಮರುದಿನ ಶಾಲೆಯಲ್ಲಿ ಹುಡುಗಿಯರು ಫ್ಲೆಕ್ಸ್ ಮುಂದೆ ಗುಂಪುಗೂಡಿದ್ದರು. ಕಲಾವಿದೆಯನ್ನು ನೋಡುತ್ತಾರೆ, ತಮ್ಮ ಟೀಚರನ್ನು ನೋಡುತ್ತಾರೆ, ಪಿಸುಗುಡುತ್ತಾರೆ. "ನಮ್ಮ ಟೀಚರ್‌ಗತೇನ ಅದಾಳ" ಎಂದು ಯಾರೋ ಅಂದದ್ದು ಕೇಳಿ ಶರಣಮ್ಮನವರ ಮುಖ ಅರಳಿತು. ನನಗೂ ಖುಷಿಯಾಯಿತು. ಗತ್ತಿನಿಂದ ವೇದಿಕೆ ಹತ್ತಿ ನಡುವಿನ ಕುರ್ಚಿಯಲ್ಲಿ ಕುಳಿತೆ.

ಹಾರ ಹಿಡಿದಿದ್ದ ಹುಡುಗಿ ಓಡಿಬಂದಳು. "ಕಾಕಾ, ಅಲ್ಲಿ ಕೂಡಬ್ಯಾಡ್ರಿ. ಅದು ಮುಖ್ಯ ಅತಿಥಿಗಳದು." ಫ್ಲೆಕ್ಸ್‌ನಲ್ಲಿದ್ದ ನನ್ನನ್ನೇ ಬೊಟ್ಟುಮಾಡಿ ತೋರಿಸಿದಳು. "ಅವರು ಇನ್ನಾ ಬಂದಿಲ್ರಿ."

ಶರಣಮ್ಮ ಟೀಚರ್ ನನ್ನತ್ತ ತಿರುಗಿದರು. "ಹೇಳ್ರಿ ಸರ್, ಅವರು ಯಾವಾಗ ಬರ್ತಾರ?"