ಐದೂ ಕಂಟ್ರೋಲರ್‌ಗಳಲ್ಲಿ ಅದೇ ತಡ

ಕೋವಿಡ್ ಕಳೆದು ಆಫೀಸುಗಳು ಮತ್ತೆ ತೆರೆದ ವರ್ಷ ನಾನು ಅಮೆರಿಕದ ಕರ್ಕ್‌ಲ್ಯಾಂಡಿನ ಒಂದು ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಟೆಸ್ಟ್ ಲೀಡ್ ಆಗಿದ್ದೆ. ತಯಾರಾಗುತ್ತಿರುವ ಆಟವನ್ನು ದಿನವಿಡೀ ಆಡಿ, ಎಲ್ಲಿ ಏನು ತಪ್ಪಿದೆ ಎಂದು ಬರೆದುಕೊಡುವ ಒಂಬತ್ತು ಜನರ ತಂಡ ನನ್ನದು. ಕೇಳಿದವರಿಗೆ ಇದು ಮಜಾ ಅನ್ನಿಸುತ್ತದೆ. ಒಂದೇ ಗೋಡೆಗೆ ಇನ್ನೂರು ಸಲ ಡಿಕ್ಕಿ ಹೊಡೆದು ನೋಡುವುದರಲ್ಲಿ ಅಂಥ ಮಜಾ ಏನಿಲ್ಲ.

ಆ ಆಟದ ಹೊಣೆ ಹೊತ್ತು ಒಸಾಕಾದಿಂದ ಬಂದವರು ನಿಶಿಮೊರಿ. ಆಗ ಅವರಿಗೆ ಅರವತ್ತೊಂದು ವರ್ಷ. ಹುಡುಗನಾಗಿದ್ದಾಗ ಆಟದ ಚಿತ್ರಗಳಿಗಾಗಿ ಗ್ರಾಫ್ ಹಾಳೆಯ ಚೌಕಗಳಿಗೆ ಬಣ್ಣ ತುಂಬುವ ಕೆಲಸಕ್ಕೆ ಸೇರಿದ್ದರಂತೆ. ಮುಂದೆ ಆಟ ಹೇಗಿರಬೇಕೆಂದು ನಿರ್ಧರಿಸುವ ಡಿಸೈನರ್ ಆದರು, ಆಮೇಲೆ ಜನ, ಗಡುವು, ಜಗಳ ಎಲ್ಲವನ್ನೂ ಸಂಭಾಳಿಸುವ ಪ್ರೊಡ್ಯೂಸರ್. ಅವರ ಮೊದಲ ಆಟವನ್ನು ನಾನು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ದೊಡ್ಡಪ್ಪನ ಮನೆಯ ಟಿವಿಗೆ ನಕಲಿ ಕ್ಯಾಸೆಟ್ ಹಾಕಿ ಆಡಿದ್ದೆ. ಹಾಗೆಂದು ಹೇಳಿದಾಗ ಅವರು ಬೇಸರಪಡಲಿಲ್ಲ. "ನಕಲಿಯಲ್ಲೂ ಜಿಗಿತ ಸರಿಯಾಗಿತ್ತಾ?" ಎಂದಷ್ಟೇ ಕೇಳಿದರು.

ಅವರು ಹೆಸರಾದದ್ದೇ ಜಿಗಿತಕ್ಕೆ. ಕೈಯಲ್ಲಿ ಹಿಡಿದ ಕಂಟ್ರೋಲರ್‌ನ ಗುಂಡಿ ಒತ್ತಿದಾಗ ಪಾತ್ರ ಎಷ್ಟು ಬೇಗ ನೆಲ ಬಿಡಬೇಕು, ಎಷ್ಟು ಹೊತ್ತು ಗಾಳಿಯಲ್ಲಿರಬೇಕು ಎಂಬುದನ್ನು ಅವರು ಲೆಕ್ಕದಿಂದಲ್ಲ, ಬೆರಳಿನಿಂದ ತೀರ್ಮಾನಿಸುತ್ತಿದ್ದರು. ನಮ್ಮ ಆಟದಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಉಪ್ಪಿನ ಮೂಟೆ ಹೊತ್ತು, ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಾ ಹೊಳೆ ದಾಟಬೇಕು. ಪ್ರತಿ ದಿನ ಬೆಳಿಗ್ಗೆ ನಿಶಿಮೊರಿ ಕಂಟ್ರೋಲರ್ ಹಿಡಿದು ಆ ಹೊಳೆ ದಾಟಿದ ಮೇಲೆಯೇ ಉಳಿದ ಕೆಲಸ.

ಎರಡನೆಯ ವರ್ಷ ಆಟ ಸಡಿಲವಾಗತೊಡಗಿತು. ಗುಂಡಿ ಒತ್ತಲು ಆಟಗಾರನಿಗೆ ಸಿಗುವ ಸಮಯಾವಕಾಶ ಮೊದಲು ೧೨೦ ಮಿಲಿಸೆಕೆಂಡ್ ಇತ್ತು. ಅವರು ಅದನ್ನು ೧೫೦ ಮಾಡಿಸಿದರು, ಆಮೇಲೆ ೧೯೦, ಕೊನೆಗೆ ೨೬೦. ಕಣ್ಣು ಮುಚ್ಚಿಕೊಂಡು ಆಡಬಹುದು ಎಂದು ನನ್ನ ತಂಡದ ಹುಡುಗಿಯರು ದೂರಿದರು. ನಿಶಿಮೊರಿ ಕಂಟ್ರೋಲರ್ ಸರಿಯಿಲ್ಲವೆಂದರು. ಬದಲಾಯಿಸಿಕೊಟ್ಟೆವು. ಅದೂ ಸರಿಯಿಲ್ಲ. ಹೀಗೆ ಐದು ಬದಲಾದವು.

ಯಾವ ಗುಂಡಿಯನ್ನು ಯಾವ ಕ್ಷಣದಲ್ಲಿ ಒತ್ತಲಾಯಿತು ಎಂಬ ದಾಖಲೆಗೆ ಇನ್‌ಪುಟ್ ಲಾಗ್ ಎನ್ನುತ್ತೇವೆ. ಒಂದು ಬುಧವಾರ ನಾನು ಅವರ ಹನ್ನೊಂದು ತಿಂಗಳ ಲಾಗ್ ತೆಗೆದು ಗ್ರಾಫ್ ಮಾಡಿದೆ. ಐದೂ ಕಂಟ್ರೋಲರ್‌ಗಳಲ್ಲಿ ಗುಂಡಿ ಒತ್ತುವುದರಲ್ಲಿ ಒಂದೇ ಬಗೆಯ ತಡ, ತಿಂಗಳಿಂದ ತಿಂಗಳಿಗೆ ಏರುತ್ತಾ ಹೋಗಿತ್ತು. ಎಡ ಹೆಬ್ಬೆರಳಿಗಿಂತ ಬಲ ಹೆಬ್ಬೆರಳಿನದು ಹೆಚ್ಚು. ಅವರ ಕೈಬರಹ ಈಚೆಗೆ ಇರುವೆ ಸಾಲಿನಷ್ಟು ಸಣ್ಣದಾಗಿದ್ದುದನ್ನೂ, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದುದನ್ನೂ ನಾನು ಕಂಡಿದ್ದೆ.

ನನ್ನ ಮ್ಯಾನೇಜರ್ ರಘುನಂದನ್, ಬೆಂಗಳೂರಿನವರು, ಗ್ರಾಫ್ ನೋಡಿ ಕುರ್ಚಿಗೆ ಒರಗಿದರು. "ನಾಳೆ ರಿವ್ಯೂ ಇದೆ ಶಾಹೀನಾ. ಆಟ ಯಾಕೆ ಹಿಂಗಾಯ್ತು ಅಂತ ಪಬ್ಲಿಷರ್ ಕೇಳೇ ಕೇಳ್ತಾರೆ. ಇದನ್ನ ಸ್ಲೈಡಲ್ಲಿ ಹಾಕ್ಬಿಡಿ."

"ಮೊದ್ಲು ಅವ್ರಿಗೆ ತೋರಿಸ್ಲಾ?"

"ತೋರ್ಸಿ. ಟೈಮ್ ಇದ್ರೆ."

ಟೈಮ್ ಇತ್ತು. ಮನೆಗೆ ಹೊರಡುವಾಗ ಅವರ ಕೋಣೆಯ ಮುಂದೆಯೇ ಹೋದೆ. ಅವರು ಬೆನ್ನು ಹಾಕಿ ಆಡುತ್ತಿದ್ದರು. ಹೆಂಗಸು ಮೂರನೆಯ ಕಲ್ಲಿನಿಂದ ನೀರಿಗೆ ಬೀಳುತ್ತಿದ್ದಳು, ಮತ್ತೆ ಎದ್ದು ಮತ್ತೆ ಬೀಳುತ್ತಿದ್ದಳು. ಇಂಥದ್ದನ್ನು ಯಾವ ಮಾತಿನಿಂದ ಶುರು ಮಾಡುವುದೋ ತಿಳಿಯಲಿಲ್ಲ. ಮನೆಯಿದ್ದ ಕ್ರಾಸ್‌ರೋಡ್ಸ್‌ನ ಬಸ್ಸಿಗೆ ಹೊತ್ತಾಯಿತೆಂದು ನನಗೆ ನಾನೇ ಹೇಳಿಕೊಂಡು ನಡೆದುಬಿಟ್ಟೆ.

ಮರುದಿನ ಹದಿನಾಲ್ಕು ಜನರ ಎದುರು ಆ ಸ್ಲೈಡ್ ಪರದೆಯ ಮೇಲೆ ಬಂತು. ನಾನು ಕಂಟ್ರೋಲರ್‌ಗಳ ಬಗ್ಗೆ ಮಾತ್ರ ಮಾತಾಡಿದೆ. ಆಟಕ್ಕೆ ಹಣ ಹಾಕಿದ್ದ ಪಬ್ಲಿಷರ್ ಕಡೆಯವರು ಪರದೆ ಬಿಟ್ಟು ನಿಶಿಮೊರಿಯನ್ನು ನೋಡತೊಡಗಿದರು. ಅವರೊಬ್ಬರೇ ಗ್ರಾಫ್ ನೋಡುತ್ತಿದ್ದರು, ಬೇರೆಯವರ ಕೆಲಸವನ್ನು ಪರಿಶೀಲಿಸುವಾಗಿನ ಅದೇ ಶ್ರದ್ಧೆಯಿಂದ.

"ಐದರಲ್ಲೂ?" ಎಂದು ಕೇಳಿದರು.

"ಹೌದು, ಐದರಲ್ಲೂ."

ಅವರು ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡರು. ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂಬುದು ಆಗ ನನಗೆ ಅರ್ಥವಾಯಿತು. ತಮ್ಮ ಕಾಯಿಲೆಯ ಸುದ್ದಿಯನ್ನು ಅವರು ನನ್ನ ಸ್ಲೈಡಿನಿಂದ ತಿಳಿದುಕೊಂಡಿದ್ದರು.

ಕೆಲವು ವಾರಗಳಲ್ಲಿ ಆಸ್ಪತ್ರೆಯವರು ಪಾರ್ಕಿನ್ಸನ್ಸ್ ಎಂದರು. ಅಷ್ಟರಲ್ಲಿ ಅವರನ್ನು ಸಲಹೆಗಾರರನ್ನಾಗಿ ಮಾಡಿ ಪಕ್ಕಕ್ಕೆ ಕೂರಿಸಲಾಗಿತ್ತು. ಜಿಗಿತವನ್ನು ಹಳೆಯ ೧೨೦ಕ್ಕೆ ತಂದೆವು. ಆದರೂ ಆಟ ಚೇತರಿಸಿಕೊಳ್ಳಲಿಲ್ಲ. ಮುಂದೇನು ಮಾಡಬೇಕೆಂದು ತಿಳಿದವರು ಉಳಿದಿರಲಿಲ್ಲ. ಪಬ್ಲಿಷರ್ ಕೈಬಿಟ್ಟಿತು, ಸ್ಟುಡಿಯೋ ಆಟವನ್ನು ನಿಲ್ಲಿಸಿತು. ನನ್ನ ಒಂಬತ್ತು ಜನರಲ್ಲಿ ಆರು ಮಂದಿ ಕೆಲಸ ಕಳೆದುಕೊಂಡರು. ರಘುನಂದನ್ ಕೂಡ. ಮೇಜು ಖಾಲಿ ಮಾಡುತ್ತಾ ಅವರು, "ಡೇಟಾ ಸರಿಯಾಗೇ ಇತ್ತಲ್ವಾ. ನಿಮ್ ಕೆಲ್ಸ ನೀವ್ ಮಾಡಿದ್ರಿ" ಎಂದರು. ಸಮಾಧಾನಕ್ಕೆ ಹೇಳಿದ ಮಾತು ಅದು.

ನಿಶಿಮೊರಿ ಊರಿಗೆ ಹೊರಟ ದಿನ ನಾನೇ ಏರ್‌ಪೋರ್ಟಿಗೆ ಡ್ರೈವ್ ಮಾಡಿದೆ. ದಾರಿಯಲ್ಲಿ ಟಕ್ವಿಲಾ ಎಂಬ ಊರಿನ ಮಾಲಿನ ಹತ್ತಿರ ಕಾರು ನಿಲ್ಲಿಸಲು ಹೇಳಿದರು. ಅವರಿಗೆ ಲೇಸ್ ಇಲ್ಲದ ಶೂ ಬೇಕಾಗಿತ್ತು. ಅಂಗಡಿಯ ಹುಡುಗಿ ಮಂಡಿಯೂರಿ ತೊಡಿಸುವಾಗ ಅವರು ಸೂರಿನ ದೀಪಗಳನ್ನು ನೋಡುತ್ತಾ ಕುಳಿತಿದ್ದರು.

ಕಾರಿಗೆ ಮರಳಿದ ಮೇಲೆ ನಾನು ಕ್ಷಮೆ ಕೇಳಿದೆ. ಅವರು, "ನನ್ನ ಕೋಣೆಗೆ ಬಂದು ಹೇಳಬಹುದಿತ್ತು" ಎಂದರು. ಸಿಟ್ಟಿರಲಿಲ್ಲ.

ಆಮೇಲೆ ಎರಡು ಇಮೇಲ್ ಕಳಿಸಿದೆ. ಉತ್ತರ ಬಂದದ್ದು ಅವರ ಮಗಳಿಂದ. ಅಪ್ಪನ ಆರೋಗ್ಯ ಚೆನ್ನಾಗಿಲ್ಲ, ದಯವಿಟ್ಟು ಆಟಗಳ ವಿಚಾರ ಬರೆಯಬೇಡಿ ಎಂದಿತ್ತು.

ನಾನು ಇನ್ನೂ ಇದೇ ಕೆಲಸದಲ್ಲಿದ್ದೇನೆ. ಹೊಸದಾಗಿ ಸೇರಿದವರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ: ನಿಮ್ಮ ಅಂಕಿಗಳಲ್ಲಿ ಒಬ್ಬ ಮನುಷ್ಯ ಕಂಡರೆ, ಅದನ್ನು ಸಭೆಗೆ ತರುವ ಮೊದಲು ಅವರ ಬಳಿ ಹೋಗಿ ಕೂತು ಮಾತಾಡಿ. ಎಲ್ಲರೂ ತಲೆಯಾಡಿಸುತ್ತಾರೆ. ಈ ಪಾಠವನ್ನು ಕೆಲಸ ನನಗೆ ಕಲಿಸಿತು ಎಂದರೆ ಸುಳ್ಳಾಗುತ್ತದೆ. ಆ ಬುಧವಾರ ಸಂಜೆಯೇ ಅದು ನನಗೆ ಗೊತ್ತಿತ್ತು.