ಅತ್ತೆಯ ಮುಖದ ಮೇಲಿನ ಸೆರಗು

ಗೆಳೆಯರೇ, ನಮ್ಮ ಮನೆಯ ಜಗಳಕ್ಕೆ ಇಂದು ತೀರ್ಪು ಕೊಟ್ಟದ್ದು ನಿದ್ದೆ.

ಹೆರಿಗೆ ರಜೆ ಮುಗಿದು ನಾಳೆಯಿಂದ ನನಗೆ ಮತ್ತೆ ಡ್ಯೂಟಿ. ನನ್ನ ಎಳೆಗೂಸನ್ನು ನೋಡಿಕೊಳ್ಳುವವರು ವಾಡಿಯ ಸಿಮೆಂಟ್ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ರಜಿಯಾ ಆಪಾ. ಅವರು ಹೇಗೆ ನೋಡಿಕೊಳ್ಳುತ್ತಾರೆಂದು ಪರೀಕ್ಷಿಸಲು ತಮ್ಮ ಊರು ತೆಂಗಳಿಯಿಂದ ಅತ್ತೆ ಬಂದಿದ್ದಾರೆ.

ಮಧ್ಯಾಹ್ನ ಆಪಾ ತಮ್ಮ ಮನೆಯಲ್ಲಿ ಕೂಸನ್ನು ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿದರು. ಅತ್ತೆ ತಕ್ಷಣ ಅದರ ಮುಖಕ್ಕೆ ಬಟ್ಟೆ ಮುಚ್ಚಿದರು. ಆಪಾ ತೆಗೆದರು.

"ಸಿಮೆಂಟ್ ಧೂಳ ಬೀಳಾಕತ್ತದ, ಕೂಸಿನ ಮುಖ ಹಂಗೇ ಬಿಡ್ತೀಯೇನ?"

"ಅವ್ವಾ, ಬಟ್ಟಿ ಮೂಗಿನ ಮ್ಯಾಲ ಬಿದ್ರ ಉಸಿರು ಕಟ್ಟತದ್ರಿ."

"ನಾ ದಿನಾ ಸೆರಗ ಮುಚ್ಕೊಂಡೇ ಮಲಗ್ತೀನಿ. ನನಗೇನ ಆಗ್ಯಾದ?"

ತೋರಿಸಲೆಂದೇ ಅತ್ತೆ ಅಲ್ಲೇ ಚಾಪೆಯ ಮೇಲೆ ಮಲಗಿ ಮುಖಕ್ಕೆ ಸೆರಗೆಳೆದುಕೊಂಡರು. ಏನಾಗುತ್ತದೋ ನೋಡೋಣವೆಂದು ನಾವಿಬ್ಬರೂ ಪಕ್ಕದಲ್ಲೇ ಕುಳಿತೆವು. ಗೊರಕೆ ಶುರುವಾಯಿತು. ಸೆರಗು ಮೂಗಿಗೆ ಅಂಟಿತು. ನಿದ್ದೆಯಲ್ಲೇ ಅತ್ತೆಯ ಕೈ ಮೇಲೆದ್ದು ಅದನ್ನು ಕಿತ್ತು ಅತ್ತ ಎಸೆಯಿತು.

ಆಪಾ ಪಿಸುಗುಟ್ಟಿದರು: "ಅವ್ವನ ಕೈಗಿ ಗೊತ್ತದ. ಕೂಸಿನ ಕೈಗಿ ಇನ್ನಾ ಗೊತ್ತಿಲ್ಲ."

ಎಚ್ಚರವಾದ ಅತ್ತೆ ಮುಖ ಮುಟ್ಟಿಕೊಂಡು ಗದರಿದರು: "ನನ್ನ ಸೆರಗ ಯಾರ ತಗದ್ರಿ?"

ಕಳ್ಳ ಅವರ ತೋಳಿನ ತುದಿಯಲ್ಲೇ ಇದ್ದ. ಹೆಸರು ಹೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ.